ಗೃಹಪ್ರವೇಶದವರೆಗೂ ಕಾದವಳು

ನಾಯಂಡಹಳ್ಳಿಯ ಗೋಡೌನುಗಳ ಹಿಂದೆ ಇರುವ ಲೇತ್ ವರ್ಕ್‌ಶಾಪಿನಲ್ಲಿ ಮುನಿಲಕ್ಷ್ಮಮ್ಮನಷ್ಟು ತಾಳ್ಮೆಯವರು ಇನ್ನೊಬ್ಬರಿಲ್ಲ. ಐವತ್ತೆರಡು ವರ್ಷ, ಒಂಟಿ ಹೆಂಗಸು. ಆ ತಾಳ್ಮೆ ಎಲ್ಲಿಂದ ಬಂತೆಂದು ಯಾರೂ ಕೇಳಿದ್ದಿಲ್ಲ.

ಅವಳ ಅಪ್ಪ ಬೆಟ್ಟಯ್ಯನಿಗೆ ಕುದೂರಿನ ಹತ್ತಿರ ಒಂದೂವರೆ ಎಕರೆ ಹೊಲವಿತ್ತು. ಪಕ್ಕದ ಹೊಲದ ಉಗ್ರಪ್ಪ ಎಲ್ಲೆಕಲ್ಲು ಕಿತ್ತು ಇವರ ಹೊಲದ ಹನ್ನೆರಡು ಅಡಿ ಒಳಕ್ಕೆ ನೆಟ್ಟ. ಕೇಳಲು ಹೋದ ಬೆಟ್ಟಯ್ಯನಿಗೆ ಸಂತೆಯ ದಿನ, ಬಸ್‌ಸ್ಟ್ಯಾಂಡಿನಲ್ಲಿ, ಅವನದೇ ಚಪ್ಪಲಿ ಕಸಿದು ಹೊಡೆದ. ಒಂಬತ್ತು ವರ್ಷದ ಮಗಳು ಅಪ್ಪನ ಪಂಚೆ ಹಿಡಿದು ನಿಂತಿದ್ದಳು. ಅದೇ ವಾರ ಊರು ಬಿಟ್ಟ ಬೆಟ್ಟಯ್ಯ ಸಾಯುವವರೆಗೂ ಆ ಕಡೆ ತಲೆ ಹಾಕಲಿಲ್ಲ. ಹೊಲ ಮಾತ್ರ ಮಾರಲಿಲ್ಲ.

ಅಪ್ಪ ಹೋಗಿ ಖಾತೆ ತನ್ನ ಹೆಸರಿಗಾದ ಮೇಲೆ ಮುನಿಲಕ್ಷ್ಮಮ್ಮ ಹೊಲ ನೋಡಲು ಹೋದಳು. ಕಿತ್ತುಕೊಂಡ ಪಟ್ಟಿಯನ್ನೂ ಸೇರಿಸಿ ಉಗ್ರಪ್ಪನ ಮಗ ದರ್ಶನ್ ಮನೆಗೆ ಪಾಯ ತೋಡಿಸುತ್ತಿದ್ದ. ಆ ನೆಲ ತಮ್ಮದಲ್ಲವೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಒಂದು ಮಾತು ಹೇಳಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಹೇಳಲಿಲ್ಲ.

ಆಮೇಲೆ ತಿಂಗಳಿಗೊಂದು ಭಾನುವಾರ ಕುದೂರಿನ ಬಸ್ ಹತ್ತಿದಳು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದು, ಹುಣಸೆ ಮರಗಳ ಸಾಲಿನಲ್ಲಿ ಎರಡು ಮೈಲಿ ನಡೆದು, ರಾಗಿ ಹೊಲದ ಬದುವಿನ ಮೇಲೆ ಕೂರುತ್ತಿದ್ದಳು. ಗೋಡೆ ಎದ್ದಿತು. ಚಾವಣಿಗೆ ಮೋಲ್ಡ್ ಬಿತ್ತು. ಮನೆ ಬೆಳೆದಷ್ಟೂ ಅವಳಿಗೆ ಖುಷಿ. ಒಮ್ಮೆ ದರ್ಶನನ ಹೆಂಡತಿ ಅನು ಮಜ್ಜಿಗೆ ತಂದುಕೊಟ್ಟಳು.

"ಬಿಸಿಲಲ್ಲಿ ಯಾಕೆ ಕೂತಿದೀರಾ ಆಂಟಿ? ಯಾರನ್ನ ನೋಡ್ಬೇಕಿತ್ತು?"

"ಯಾರನ್ನೂ ಇಲ್ಲ ಕಣಮ್ಮ. ಊರು ನೋಡ್ಕೊಂಡು ಹೋಗೋಣ ಅಂತ ಬಂದೆ."

ಮಜ್ಜಿಗೆ ಕುಡಿದಳು. ಆ ಹುಡುಗಿಯ ಮುಖ ನಾಲ್ಕು ದಿನ ಕಾಡಿತು. ಆದರೂ ಬಾಯಿ ಬಿಡಲಿಲ್ಲ.

ಗೃಹಪ್ರವೇಶದ ಮರುದಿನವೇ ಹೊಲ ಅಳೆಸಲು ಅರ್ಜಿ ಕೊಟ್ಟಳು. ಸರ್ವೇಯರ್ ಬಸವಕಿರಣ್ ನಕ್ಷೆ ಹಿಡಿದು ಅಳೆದು, ಹೊಸ ಅಡುಗೆಮನೆಯ ಗೋಡೆಯ ಮೇಲೇ ಕೆಂಪು ಗೆರೆ ಎಳೆದ.

"ಇಲ್ಲಿಂದ ಆಚೆಗೆ ಇವರದು," ಎಂದ, ಮುನಿಲಕ್ಷ್ಮಮ್ಮನ ಕಡೆ ಕೈ ತೋರಿಸಿ.

ಎಂಬತ್ತು ದಾಟಿದ ಉಗ್ರಪ್ಪ ಕೋಲೂರಿಕೊಂಡು ಬಂದ. "ಯಾರಮ್ಮ ನೀನು?"

"ಬೆಟ್ಟಯ್ಯನ ಮಗಳು."

ಮುದುಕ ಗೋಡೆಯ ಮೇಲಿನ ಕೆಂಪು ಗೆರೆಯನ್ನು ಕೋಲಿನಿಂದ ಮುಟ್ಟಿದ. "ಪಾಯ ಹಾಕ್ವಾಗ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಮ್ದು ಬರೀ ಪಾಯ ಹೋಗ್ತಿತ್ತು."

ದರ್ಶನ್ ಕೈ ಮುಗಿದ. ಬೇರೆ ಕಡೆ ಎರಡರಷ್ಟು ಜಮೀನು ಬರೆದುಕೊಡುತ್ತೇನೆಂದ. ಮುನಿಲಕ್ಷ್ಮಮ್ಮ ಒಂದೇ ಷರತ್ತು ಹಾಕಿದಳು: ಸಂತೆಯ ದಿನ ಉಗ್ರಪ್ಪ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಅಂದು ಮಾಡಿದ್ದನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು.

"ಹೇಳಪ್ಪ, ನಿನ್ನ ಕಾಲಿಗೆ ಬೀಳ್ತೀನಿ," ಎಂದ ಮಗ.

"ಮನೆ ಹೋದ್ರೆ ಹೋಗ್ಲಿ. ನಾನು ನಿಲ್ಲಲ್ಲ," ಎಂದ ಉಗ್ರಪ್ಪ.

ದರ್ಶನ್ ಕೋರ್ಟಿಗೆ ಹೋಗಲಿಲ್ಲ. ಅಂದಿನಿಂದ ಅಪ್ಪನ ಜೊತೆ ಮಾತೂ ಬಿಟ್ಟ. ಅಡುಗೆಮನೆ, ದೇವರಕೋಣೆ ಎರಡನ್ನೂ ಒಡೆಸಿದ. ಒಡೆಯುವ ದಿನ ಮುನಿಲಕ್ಷ್ಮಮ್ಮ ರಜೆ ಹಾಕಿ ಬಂದು, ಕೊನೆಯ ಗೋಡೆ ಬೀಳುವವರೆಗೂ ನಿಂತಳು. ಒಲೆಯನ್ನು ಹೊತ್ತು ಹೊರಗೆ ಬಂದ ಅನು ಅವಳೆದುರು ನಿಂತಳು.

"ಈಗ ಹೊಟ್ಟೆ ತಣ್ಣಗಾಯ್ತಾ ಆಂಟಿ?"

"ಆಯ್ತು," ಎಂದಳು ಮುನಿಲಕ್ಷ್ಮಮ್ಮ. ಅವಳು ಸುಳ್ಳು ಹೇಳಲಿಲ್ಲ.

ಈ ವರ್ಷ ಆ ಹನ್ನೆರಡು ಅಡಿಯಲ್ಲಿ ಹುರುಳಿ ಬಿತ್ತಿದ್ದಾಳೆ.