ಬರಿಗೊರಳ ಹೊತ್ತು

ನನ್ನ ಎಡ ಅಂಗೈಯಿಂದ ಇಷ್ಟಲಿಂಗವು ಜಾರಿ ಮಣೆಯ ಮೇಲೆ ಬಿದ್ದದ್ದು ಕಳೆದ ಶ್ರಾವಣದ ಒಂದು ಮುಂಜಾನೆ, ಪೂಜೆಯ ನಡುವೆ. ಬಾಲ್ಯದಲ್ಲಿ ದೀಕ್ಷೆಯಾದಂದಿನಿಂದ ಅದು ನನ್ನ ಅಂಗೈಯನ್ನೋ ಎದೆಯನ್ನೋ ಬಿಟ್ಟು ಬೇರೆಲ್ಲಿಯೂ ಇದ್ದುದಿಲ್ಲ. ಸ್ನಾನದಲ್ಲಿ, ನಿದ್ರೆಯಲ್ಲಿ, ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳುವಾಗ, ಬೆಳ್ಳಿಯ ಕರಡಿಗೆಯೊಳಗೆ ಕುಳಿತು ನನ್ನ ಉಸಿರಿನೊಡನೆ ಏರಿಳಿಯುತ್ತಿತ್ತು. ಬಿದ್ದ ಲಿಂಗ ಭಿನ್ನವಾಗಲಿಲ್ಲ. ಆದರೆ ಅದನ್ನು ಎತ್ತಿಕೊಳ್ಳಲು ಹೋದ ಕೈ ನಡುಗುತ್ತಿತ್ತು, ಮರುದಿನವೂ ನಡುಗಿತು. ಇನ್ನು ಮುಂದೆ ಲಿಂಗವನ್ನು ಹಿಡಿಯುವ ಯೋಗ್ಯತೆ ನನ್ನ ಕೈಗೆ ಉಳಿಯದೆ ಹೋದೀತೇ ಎಂಬ ಭಯ ಅಂದೇ ಹೊಕ್ಕಿತು.

ಬನಹಟ್ಟಿಯ ನಮ್ಮ ವೈದ್ಯರು ಪರೀಕ್ಷಿಸಿ, ದೋಷ ಕೈಯಲ್ಲಿಲ್ಲ, ತಲೆಯಲ್ಲಿರಬಹುದು ಎಂದು ಜಮಖಂಡಿಯ ಸ್ಕ್ಯಾನಿಂಗ್ ಕೇಂದ್ರಕ್ಕೆ ಕಳುಹಿಸಿದರು. ಮಗ ಜೊತೆಗೆ ಬಂದ. ಬೀಳಗಿಯಿಂದ ಬಸ್ಸು ಹಿಡಿದು ನನ್ನ ಅಕ್ಕನೂ ಬಂದಳು.

ಅಕ್ಕನ ವಿಷಯವನ್ನು ಇಲ್ಲಿ ಹೇಳಬೇಕು. ಅವಳ ಗಂಡನ ಮನೆ ಅನಗವಾಡಿಯ ಕಡೆ, ಹೊಳೆಯ ದಂಡೆಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಏರತೊಡಗಿದಾಗ ಅವರ ಊರನ್ನು ಬೀಳಗಿಯ ಹತ್ತಿರ ದಿಬ್ಬದ ಮೇಲಕ್ಕೆ ಸ್ಥಳಾಂತರಿಸಿದರು. ಸಾಮಾನೆಲ್ಲ ಟ್ರ್ಯಾಕ್ಟರಿಗೆ ಏರಿದ ಮೇಲೆ ಅವಳು ಒಬ್ಬಳೇ ಒಳಗೆ ಹೋಗಿ, ತನ್ನ ಕೊರಳಿನ ಲಿಂಗವನ್ನು ದೇವರ ಜಗಲಿಯ ಮೇಲಿಟ್ಟು ಹೊರಗೆ ಬಂದಳು. ಮನೆ ಮುಳುಗಿತು. ಅಂದಿನಿಂದ ಅವಳು ಮಠದ ಮೆಟ್ಟಿಲು ಹತ್ತಿಲ್ಲ, ಗುಡಿಗೆ ಹೋಗಿಲ್ಲ, ಹಣೆಗೆ ವಿಭೂತಿ ಹಚ್ಚಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ನೀರಿನ ಕಡೆಗೆ ಮುಖ ಮಾಡಿ ಬರಿಗೈಯಲ್ಲಿ ಸುಮ್ಮನೆ ನಿಲ್ಲುತ್ತಾಳೆ. ಅಷ್ಟೆ.

ಒಮ್ಮೆ ಕೇಳಿದ್ದೆ, "ಯಾರ ಮುಂದ ನಿಂತೀ ಅಕ್ಕಾ?"

"ಅದಾನಲ್ಲ, ಅವನ ಮುಂದ."

"ಅವಗೊಂದು ಹೆಸರಿಲ್ಲೇನು?"

"ಇದ್ರ ನನಗ ಹೇಳಿಲ್ಲ."

ನಾನು ನಗಲಿಲ್ಲ. ಲಿಂಗವಿಲ್ಲದೆ ಪ್ರಾಣ ಹೋದರೆ ಇವಳ ಗತಿ ಏನಾದೀತು ಎಂದು ಅಂಜಿದೆ. ಪ್ರತಿದಿನ ಪೂಜೆಯ ಕೊನೆಗೆ ಅವಳ ಪರವಾಗಿ ಒಂದು ಬಿಲ್ವದಳ ಏರಿಸುತ್ತ ಬಂದೆ. ಅವಳಿಗೆ ಹೇಳಿರಲಿಲ್ಲ.

ಜಮಖಂಡಿಯಲ್ಲಿ ಯಂತ್ರದ ಕೋಣೆಯ ಬಾಗಿಲಲ್ಲಿ ಅಲ್ಲಿನ ತರುಣ ನನ್ನನ್ನು ತಡೆದ.

"ಅಜ್ಜಾರ, ಕೊಳ್ಳಾಗಿಂದು ತಗೀಬೇಕ್ರಿ. ಬೆಳ್ಳಿ ಐತಲ್ರಿ."

"ಇದು ಲಿಂಗ ಐತಪಾ."

"ನನಗ ಗೊತ್ತೈತ್ರಿ. ನಮ್ಮಜ್ಜಾನೂ ಕಟ್ಟತಿದ್ದ. ಆದ್ರ ಮಶಿನ್ನಿಗೆ ಗೊತ್ತಿಲ್ಲಲ್ರಿ."

ಕರಡಿಗೆಯನ್ನು ಬಿಟ್ಟು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳಲೇ ಎಂದು ಬೇಡಿಕೊಂಡೆ. ಮೈಮೇಲೆ ಹೊರಗಿನದು ಏನೂ ಇರಕೂಡದೆಂದ. ಮಗ ಕೈ ಚಾಚಿದ. ಅವನ ಎದೆಯ ಮೇಲೆ ಅವನ ಲಿಂಗವಿತ್ತು. ಒಂದು ಅಂಗಕ್ಕೆ ಒಂದೇ ಲಿಂಗ ಎಂದು ಗುರುಗಳು ನನಗೆ ಕಲಿಸಿದ್ದರು. ನಾನು ಕೊಡಲಾರದೆ ನಿಂತೆ. ಅಲ್ಲಿದ್ದ ಮೇಜೂ ಕುರ್ಚಿಯೂ ಅದನ್ನಿಡುವ ಜಾಗಗಳಲ್ಲ. ಸರದಿಗೆ ಕಾಯುತ್ತಿದ್ದವರು ನನ್ನನ್ನೇ ನೋಡುತ್ತಿದ್ದರು.

ಅಕ್ಕ ಬೆಂಚಿನಿಂದ ಎದ್ದಳು. "ಇಲ್ಲೆ ತಾ ತಮ್ಮಾ. ನನ್ನ ಮೈಮ್ಯಾಗ ಯಾವ ಲಿಂಗೂ ಇಲ್ಲ. ಇಷ್ಟ ವರ್ಷ ಈ ಬರೇ ಕೊಳ್ಳ ನೋಡಿ ಮಾರಿ ಗಂಟ ಹಾಕ್ಕೋತಿದ್ದಿ. ಇವತ್ತ ಉಪಯೋಗಕ್ಕ ಬಂತು ನೋಡು."

ಅವಳ ಮಾತಿನಲ್ಲಿ ಶಾಸ್ತ್ರಕ್ಕೆ ವಿರುದ್ಧವಾದುದೇನೂ ನನಗೆ ಆ ಕ್ಷಣ ಕಾಣಲಿಲ್ಲ. ಕರಡಿಗೆ ಕಟ್ಟಿದ ಶಿವದಾರವನ್ನು ತಲೆಯ ಮೇಲಿಂದ ತೆಗೆದು ಅವಳ ಅಂಗೈಯಲ್ಲಿಟ್ಟೆ. ಎದೆಯ ಆ ಜಾಗದಲ್ಲಿ ತಂಪು ಗಾಳಿ ತಾಗಿತು. ಅಷ್ಟು ವರ್ಷ ಅಲ್ಲಿ ಗಾಳಿ ತಾಗಿರಲೇ ಇಲ್ಲ.

ತರುಣನು ನನ್ನನ್ನು ಮಲಗಿಸಿ, ಮುಖಕ್ಕೆ ಪಂಜರದಂಥದೊಂದನ್ನು ಹಾಕಿದ. "ಅಂಜಿಕಿ ಬಂದ್ರ ಇದನ್ನ ಒತ್ತರಿ ಅಜ್ಜಾರ, ಹೊರಗ ತಗೀತೀವಿ" ಎಂದು ರಬ್ಬರಿನ ಉಂಡೆಯೊಂದನ್ನು ಎಡ ಅಂಗೈಯಲ್ಲಿಟ್ಟ. ಲಿಂಗವಿರುತ್ತಿದ್ದ ಅಂಗೈ ಅದು. ಹಾಸಿಗೆ ಒಳಕ್ಕೆ ಸರಿಯಿತು.

ಸದ್ದು ನನಗೆ ಹೊಸದಲ್ಲ. ಬನಹಟ್ಟಿಯಲ್ಲಿ ನಮ್ಮ ಗೋಡೆಯಾಚೆ ವಿದ್ಯುತ್ ಮಗ್ಗಗಳು ಓಡುತ್ತವೆ. ಮಗ್ಗಕ್ಕೆ ಒಂದು ತಾಳವಿದೆ. ಆ ತಾಳಕ್ಕೆ ಹೊಂದಿಸಿಕೊಂಡೇ ನಾನು ಜಪ ಮಾಡುತ್ತ ಬಂದವನು. ಇಲ್ಲಿಯೂ ಹಾಗೆಯೇ ಷಡಕ್ಷರಿಯನ್ನು ಹಿಡಿದುಕೊಂಡೆ. ಆದರೆ ಈ ಯಂತ್ರವು ಒಂದು ತಾಳವನ್ನು ಹಿಡಿದು, ನಾನು ಹೊಂದಿಕೊಳ್ಳುವಷ್ಟರಲ್ಲಿ ನಿಲ್ಲಿಸಿ, ಇನ್ನೊಂದನ್ನು ಬಡಿಯುತ್ತಿತ್ತು. ಅಕ್ಷರಗಳು ಒಡೆದು ಬೇರೆಯಾದವು. ಮತ್ತೆ ಕೂಡಿಸಿದೆ, ಮತ್ತೆ ಒಡೆದವು. ಕೊನೆಗೆ ಮಂತ್ರವನ್ನು ನಾನು ಬಿಟ್ಟೆನೋ ಮಂತ್ರವೇ ನನ್ನನ್ನು ಬಿಟ್ಟಿತೋ ತಿಳಿಯದು.

ಕೊರಳಲ್ಲಿ ಲಿಂಗವಿಲ್ಲ, ಬಾಯಲ್ಲಿ ಮಂತ್ರವಿಲ್ಲ. ಆಮೇಲೆ ಆದದ್ದನ್ನು ಹೇಳಲು ಈಗಲೂ ಹಿಂಜರಿಕೆ. ಅಲ್ಲಿ ಬರಿಯ ಶೂನ್ಯವಿದ್ದಿದ್ದರೆ ನಾನು ಅಷ್ಟು ಅಂಜುತ್ತಿರಲಿಲ್ಲ. ಶೂನ್ಯವಿರಲಿಲ್ಲ. ಯಾರೋ ಇದ್ದರು. ರೂಪ ಕಾಣಲಿಲ್ಲ, ಧ್ವನಿ ಕೇಳಲಿಲ್ಲ. ಇದ್ದರು ಎಂಬುದಷ್ಟೇ ನಿಶ್ಚಯ. ಬ್ರಹ್ಮಾಂಡದಾಚೆ ಇರುವಾತನು ನಿನ್ನ ಅಂಗೈಗೆ ಹಿಡಿಸುವಷ್ಟು ಚಿಕ್ಕವನಾಗಿ ಬಂದಿದ್ದಾನೆ ಎಂದು ದೀಕ್ಷೆಯ ದಿನ ಗುರುಗಳು ಹೇಳಿದ್ದರು. ನಾನು ಆ ಚಿಕ್ಕವನನ್ನು ಮಾತ್ರ ಬಲ್ಲೆ. ಅವನಿಗೆ ನೀರೆರೆದಿದ್ದೆ, ಹೂವೇರಿಸಿದ್ದೆ, ಬಟ್ಟೆಯಲ್ಲಿ ಒರೆಸಿ ಕರಡಿಗೆಯೊಳಗೆ ಮಲಗಿಸಿದ್ದೆ. ಈಗ ಇದ್ದಾತನು ಚಿಕ್ಕವನಾಗಿ ಬಂದಿರಲಿಲ್ಲ. ಕಾಪಾಡು ಎನ್ನಲೂ ನಾಲಗೆ ಏಳಲಿಲ್ಲ. ಯಾವ ಹೆಸರಿನಿಂದ ಕರೆಯಬೇಕು? ಎಡಗೈ ನಡುಗುತ್ತಲೇ ಇತ್ತು. ಉಂಡೆಯನ್ನು ಒತ್ತಬೇಕೆನಿಸಿತು. ಒತ್ತಿದರೆ ಹೊರಗೆ ತೆಗೆಯುವರು. ಆದರೆ ಹೊರಗೆ ಹೋದರೆ ಅವನಿಂದ ತಪ್ಪಿಸಿಕೊಂಡೇನೆಂಬ ನಂಬಿಕೆ ನನಗಿರಲಿಲ್ಲ. ಒತ್ತಲಿಲ್ಲ.

ಹೊರಗೆ ಬಂದಾಗ ಅಕ್ಕ ಬಾಗಿಲ ಬಳಿಯೇ ನಿಂತಿದ್ದಳು. ಕುಳಿತಿರಲೇ ಇಲ್ಲವೆಂದು ಮಗ ಹೇಳಿದ. ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅದರ ಮೇಲೆ ಕರಡಿಗೆಯನ್ನಿಟ್ಟುಕೊಂಡಿದ್ದಳು.

"ನೀ ಪೂಜಿ ಬಿಟ್ಟಾಕಿ ಅಲ್ಲೇನು? ಹಿಂಗ್ಯಾಕ ಹಿಡದಿ?" ಎಂದೆ.

"ಪೂಜಿ ಅಲ್ಲೋ. ನಿನ್ನ ಜೀಂವ ಇದರಾಗ ಐತಲ್ಲ, ಕೆಳಗ ಬಿದ್ದೀತಂತ ಹಿಡದೆ. ಲಗೂನ ತಗೋ, ಕೈ ಜೋಂ ಹಿಡದೈತಿ."

ಶಿವದಾರವನ್ನು ಕೊರಳಿಗೆ ಹಾಕಿಕೊಂಡೆ. ಎದೆಗೆ ಅದರ ಭಾರ ತಾಗಿತು. ಭಯ ಹೋಗಲಿಲ್ಲ.

ವರದಿ ಬಂತು. ತಲೆಯೊಳಗೆ ಒಂದು ಗಡ್ಡೆ ಇದೆ, ತೆಗೆಯಬೇಕು ಎಂದರು. ತೆಗೆದ ಮೇಲೆ ಕೈ ಮೊದಲಿನಂತಾಗುವುದೇ ಎಂದು ಕೇಳಿದೆ. ಈಗಲೇ ಹೇಳಲಾಗದು ಎಂದರು. ಬೆಳಗಾವಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಅಲ್ಲಿಯೂ ಲಿಂಗವನ್ನು ತೆಗೆದಿಡಬೇಕು, ಈ ಸಲ ಹೆಚ್ಚು ಹೊತ್ತು. ಅಕ್ಕ ಬರುವುದಾಗಿ ಒಪ್ಪಿದ್ದಾಳೆ. ಆದರೆ ಅವಳು ಹಿಡಿದುಕೊಳ್ಳುವುದು ಲಿಂಗವನ್ನು. ಆ ಹೊತ್ತನ್ನು ನಾನೇ ಕಳೆಯಬೇಕು.

ಆದ್ದರಿಂದ ಅಲ್ಲಿಯವರೆಗೆ ಬೀಳಗಿಗೆ, ಅಕ್ಕನ ಮನೆಗೆ ಬಂದಿದ್ದೇನೆ. ಮುಂಜಾನೆ ಪೂಜೆಗೆ ಕುಳಿತಾಗ ನಡುಗುವ ಎಡಗೈಯನ್ನು ಬಲಗೈಯಿಂದ ಆನಿಸಿಕೊಂಡು ಲಿಂಗವನ್ನು ಹಿಡಿಯುತ್ತೇನೆ. ಸಂಜೆ ಅಕ್ಕ ಅಂಗಳಕ್ಕೆ ಹೋದಾಗ ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ. ಕೊರಳಲ್ಲಿ ಲಿಂಗವಿರುತ್ತದೆ, ಕೈ ಬರಿದಾಗಿರುತ್ತದೆ, ಬಾಯಲ್ಲಿ ಮಂತ್ರವಿರುವುದಿಲ್ಲ. ಬೆಳಗಾವಿಯ ಆ ಹೊತ್ತಿಗಾಗಿ ನನಗೆ ಅದು ಅಭ್ಯಾಸ. ದೂರದಲ್ಲಿ ಹಿನ್ನೀರು ಬೂದಿಬಣ್ಣಕ್ಕೆ ತಿರುಗಿ, ಆಮೇಲೆ ಕಾಣದಾಗುತ್ತದೆ.

ನಿನ್ನೆ ಸಂಜೆ ಅವಳು ನನ್ನ ಕಡೆ ತಿರುಗದೆಯೇ ಕೇಳಿದಳು, "ಅಂಜಿಕಿ ಬರಾಕತ್ತೈತೇನು?"

"ಬರಾಕತ್ತೈತಿ. ನಿನಗ?"

"ದಿನಾ ಬರತೈತಿ."

ಒಳಗೆ ಹೋಗಲು ಸೆರಗು ಸರಿಪಡಿಸಿಕೊಳ್ಳುತ್ತ ಹೇಳಿದಳು, "ಹಂಗಾರ ಅದಾನ."