ಗೆಜ್ಜೆ ಚೆಂಡಿನ ಶನಿವಾರಗಳು

ನನ್ನ ಮಗಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮುಂದೆ ಮೆಟ್ಟಿಲಿದೆ, ಎಡಕ್ಕೆ ಸ್ಕೂಟರ್ ನಿಂತಿದೆ, ಎದುರುಮನೆಯವರು ಗೋಡೆಗೆ ಬಣ್ಣ ಹೊಡೆಸುತ್ತಿದ್ದಾರೆ ಎಂದು ಹೇಳುತ್ತಲೇ ಅವಳನ್ನು ಬೆಳೆಸಿದೆ. ಹಗಲೆಲ್ಲ ಮಹಾಲಕ್ಷ್ಮಿ ಲೇಔಟ್‌ನ ಶಾಲೆಯೊಂದರಲ್ಲಿ ಎರಡನೇ ತರಗತಿಗೆ ಪಾಠ. ಸಂಜೆ ಕುರುಬರಹಳ್ಳಿಯ ಮನೆ ಸೇರುವಷ್ಟರಲ್ಲಿ ನನ್ನ ಗಂಟಲು ಕಟ್ಟಿರುತ್ತಿತ್ತು. ಗಂಡ ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್‌ನಲ್ಲಿರುತ್ತಿದ್ದರು.

ಅವಳಿಗೆ ಚೆಂಡಾಟದ ಹುಚ್ಚು. ಒಳಗೆ ಗುಂಡುಗಳಿದ್ದು, ಉರುಳಿದರೆ ಗಲಗಲ ಎನ್ನುವ ಪ್ಲಾಸ್ಟಿಕ್ ಚೆಂಡೊಂದನ್ನು ಅವಳ ಶಾಲೆಯಲ್ಲಿ ಕೊಟ್ಟಿದ್ದರು. ಅದನ್ನು ಹಿಡಿದು ಪಾರ್ಕಿಗೆ ಹೋದರೆ ರಸ್ತೆಯ ಹಾರ್ನ್‌ಗಳಲ್ಲಿ ಸದ್ದು ಮುಳುಗಿಹೋಗುತ್ತಿತ್ತು. ಮನೆಯೊಳಗೆ ಆಡಿದರೆ ಕೆಳಮನೆಯವರು ಮೇಲೆ ಬರುತ್ತಿದ್ದರು. ಪಾರ್ಕಿನಲ್ಲಿ ನಾನೇ ಬಲಕ್ಕೆ, ಇನ್ನೂ ಬಲಕ್ಕೆ ಎಂದು ಕೂಗುತ್ತಿದ್ದೆ. ಒಂದು ಸಂಜೆ ಅವಳು ಚೆಂಡು ಬಿಟ್ಟು ಹುಲ್ಲಿನ ಮೇಲೆ ಕೂತುಬಿಟ್ಟಳು.

“ಎಲ್ಲಿದೆ ಅಂತ ನೀನೇ ಹೇಳ್ಬಿಟ್ರೆ ನಾನೇನ್ ಆಡ್ದಂಗಾಯ್ತು ಅಮ್ಮ?”

ಅವಳ ಟೀಚರ್ ಹತ್ತಿರ ಇದನ್ನು ಹೇಳಿಕೊಂಡಾಗ, ಶನಿವಾರ ಮಧ್ಯಾಹ್ನ ಕೆಂಗೇರಿಯ ಹಾಲ್ ಒಂದರಲ್ಲಿ ಇಂಥ ಮಕ್ಕಳನ್ನು ಆಡಿಸುತ್ತಾರೆಂದು ತಿಳಿಯಿತು. ಅರ್ಧ ದಿನದ ಶಾಲೆ ಮುಗಿಸಿ, ಅವಳಿಗೆ ಎರಡು ತುತ್ತು ತಿನ್ನಿಸಿ, ಬಸ್ಸಿನಲ್ಲಿ ವಿಜಯನಗರಕ್ಕೆ ಹೋಗಿ ಮೆಟ್ರೋ ಹತ್ತುವುದು ಅಂದಿನಿಂದ ವಾಡಿಕೆಯಾಯಿತು.

ಅಲ್ಲಿನ ಚೆಂಡು ದೊಡ್ಡದು, ಭಾರ. ಮೈಯೆಲ್ಲ ತೂತು, ಒಳಗೆ ಗೆಜ್ಜೆ. ನೆಲದ ಗೆರೆಗಳ ಟೇಪಿನಡಿ ಹುರಿ ಹಾಕಿದ್ದರಿಂದ ಮಕ್ಕಳು ಬೆರಳಾಡಿಸಿ ತಮ್ಮ ಜಾಗ ತಿಳಿಯುತ್ತಿದ್ದರು. ಸ್ವಲ್ಪ ಕಾಣುವವರಿಗೂ ಕಾಣದವರಿಗೂ ಒಂದೇ ಕಪ್ಪು ಕಣ್ಣುಪಟ್ಟಿ. ಎದುರಿನವರು ಉರುಳಿಸಿದ ಚೆಂಡಿಗೆ ಅಡ್ಡ ಮಲಗಿ ಗೋಲು ತಡೆಯಬೇಕು. ಮೊದಲ ದಿನ ಚೆಂಡು ಅವಳತ್ತ ನುಗ್ಗಿದಾಗ ನಾನು ಕೂಗಿಬಿಟ್ಟೆ. ಕೋಚ್ ಆಟ ನಿಲ್ಲಿಸಿ ನನ್ನ ಬಳಿ ಬಂದರು.

“ಶುರುವಾದ್ಮೇಲೆ ಯಾರೂ ಮಾತಾಡೋ ಹಾಗಿಲ್ಲ ಮೇಡಂ. ಮಕ್ಕಳಿಗೆ ಗೆಜ್ಜೆ ಕೇಳಿಸ್ಬೇಕು.”

ಸೆರಗನ್ನು ಬಾಯಿಗೆ ಅದುಮಿಕೊಂಡು ಕೂತೆ. ಮುಂದಿನ ಚೆಂಡು ಅವಳ ತೊಡೆಗೆ ಬಡಿಯಿತು. ಅವಳು ಅದನ್ನು ಅವುಚಿಕೊಂಡು ನಕ್ಕಳು. ಮನೆಯಲ್ಲಿ ನೋಡಿದರೆ ಆ ಜಾಗ ನೀಲಿಗಟ್ಟಿತ್ತು. ಆದರೂ ಮುಂದಿನ ಶನಿವಾರ ಹೋದೆವು.

ವಾರವೆಲ್ಲ ಮಾತಾಡಿದವಳಿಗೆ ಆ ಹಾಲ್‌ನ ಮೌನ ಅಭ್ಯಾಸವಾಗತೊಡಗಿತು. ರಾತ್ರಿಯೆಲ್ಲ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದ ದಿನಗಳ ಒಂದು ಶನಿವಾರ ಮಕ್ಕಳ ನಿಜವಾದ ಪಂದ್ಯವಿತ್ತು. ನಾನು ಬೆಂಚಿನ ತುದಿಯಲ್ಲಿ ಗೋಡೆಗೆ ಒರಗಿದ್ದೆ. ಗೆಜ್ಜೆಯ ಸದ್ದು ಹತ್ತಿರ ಬಂದು ದೂರ ಹೋಗುತ್ತಿತ್ತು. ಅಷ್ಟೇ ನೆನಪು.

ಎಚ್ಚರವಾದಾಗ ಆಟ ಮುಗಿದಿತ್ತು. ತಲೆಯ ಕೆಳಗೆ ಯಾರೋ ಮಡಚಿದ ಟವೆಲ್ ಇಟ್ಟಿದ್ದರು. ನಡೆದದ್ದನ್ನು ಪಕ್ಕದಲ್ಲಿದ್ದ ಇನ್ನೊಂದು ಮಗುವಿನ ತಾಯಿ ಹೇಳಿದರು. ನಾನು ಗೊರಕೆ ಹೊಡೆದಿದ್ದೆ. ಸದ್ದಿಗೆ ಮಕ್ಕಳು ಗಲಿಬಿಲಿಗೊಂಡಾಗ ಕೋಚ್ ಸೀಟಿ ಊದಿ, ಯಾರದು ಎಂದು ಕೇಳಿದ್ದರು. ನನ್ನ ಮಗಳು ನೆಲದ ಮೇಲಿಂದಲೇ ಉತ್ತರ ಕೊಟ್ಟಿದ್ದಳು.

“ಅದು ನಮ್ಮಮ್ಮ. ಎಬ್ಬಿಸ್ಬೇಡಿ ಸಾರ್, ಪಾಪ. ಒಂದ್ ಕಡೆ ತಿರುಗಿಸಿ ಮಲಗ್ಸಿ, ನಿಲ್ಲುತ್ತೆ.”

ಆ ತಾಯಿಯೇ ನನ್ನನ್ನು ಮಗ್ಗುಲಾಗಿ ಮಲಗಿಸಿದ್ದರಂತೆ. ಆಗಲೂ ನನಗೆ ಎಚ್ಚರವಾಗಿರಲಿಲ್ಲ. ನಾಚಿಕೆಯಲ್ಲಿ ಮುಖ ಬಿಸಿಯಾಯಿತು. ಕಣ್ಣೂ ತುಂಬಿಬಂತು. ನೀರಿನ ಬಾಟಲಿ ಹುಡುಕುವ ನೆಪದಲ್ಲಿ ಬ್ಯಾಗಿನೊಳಗೆ ತಲೆ ತಗ್ಗಿಸಿದೆ.

ಅವಳ ತಂಡ ಸೋತಿತ್ತು. ಮೊಣಕಾಲಿನ ಪ್ಯಾಡ್ ಬಿಚ್ಚುತ್ತಾ ಸಿಟ್ಟಿನಲ್ಲಿ ಕೂತಿದ್ದ ಅವಳನ್ನು ಕೇಳಿದೆ, “ನನ್ನಿಂದ ಸೋತ್ರಾ?”

“ಇಲ್ಲ. ಮೂಲೆಗೆ ಬಂದಿದ್ದು ನಂಗೆ ತಡವಾಗಿ ಕೇಳಿಸ್ತು. ಮುಂದಿನ್ವಾರ ನೋಡ್ತೀನಿ.”

ವಿಜಯನಗರದಲ್ಲಿ ಮೆಟ್ರೋ ಇಳಿದು ಬಸ್ಸಿಗೆ ಬಹಳ ಹೊತ್ತು ಕಾದೆವು. ಬಂದ ಬಸ್ಸಿನಲ್ಲಿ ಅವಳಿಗೆ ಯಾರೋ ಸೀಟು ಬಿಟ್ಟುಕೊಟ್ಟರು. ಹೊರಗೆ ಏನೇನಿದೆ ಎಂದು ಹೇಳಹೋಗದೆ, ಅವಳೇ ಕೇಳಿಸಿಕೊಳ್ಳಲಿ ಎಂದು ನಾನು ಕಂಬ ಹಿಡಿದು ನಿಂತೆ.