ಕಡಸಿನ ಕಣ್ಣಿಗೆ ಉಗಿದ ಹೊಗೆಸೊಪ್ಪು

ನಾಟಿ ಔಷಧಿ ಎಂದರೆ ಈಗಿನವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಹಿಂದಿನವರಿಗೆ ಎಲ್ಲ ಗೊತ್ತಿತ್ತಂತೆ, ಗಿಡ ಬಳ್ಳಿಯಲ್ಲೇ ಎಲ್ಲ ವಾಸಿ ಮಾಡುತ್ತಿದ್ದರಂತೆ. ಮೊನ್ನೆ ಮೊಮ್ಮಗಳು ಬಂದು, ದನದ ಕಣ್ಣು ಬೇನೆಗೆ ನೀವೆಲ್ಲ ಏನು ಮಾಡುತ್ತಿದ್ದಿರಿ, ಬರೆದುಕೊಡಜ್ಜಿ ಎಂದಳು. ಬರೆಯುತ್ತೇನೆ. ಆದರೆ ಅವಳು ಕೇಳಿದ ಹಾಗೆ ಬರೆಯುವುದಿಲ್ಲ. ನಾವು ಏನು ಮಾಡುತ್ತಿದ್ದೆವು ಎಂದರೆ, ಉಗಿಯುತ್ತಿದ್ದೆವು. ಹೊಗೆಸೊಪ್ಪನ್ನು ಉಪ್ಪಿನ ಹರಳಿನ ಜೊತೆ ಅಗಿದು, ಆ ಬಾಯಿ ತುಂಬ ರಸವನ್ನು ಮೂಕ ಪ್ರಾಣಿಯ ಕಣ್ಣಿಗೆ ಉಗಿಯುತ್ತಿದ್ದೆವು. ಅದಕ್ಕೆ ಔಷಧಿ ಎಂದು ಹೆಸರು.

ನನ್ನ ತವರು ಸಮೇತನಹಳ್ಳಿ ಕಡೆ. ಕೊಟ್ಟಿದ್ದು ಸೂಲಿಬೆಲೆ ಹತ್ತಿರದ ಒಂದು ಊರಿಗೆ. ಅರವತ್ತೈದನೇ ಇಸವಿಯೋ ಅರವತ್ತಾರೋ ಇರಬೇಕು, ಬಾಣಂತನ ಮುಗಿಸಿಕೊಂಡು ಐದು ತಿಂಗಳ ಮಗಳನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಟಾಗ ಅಪ್ಪ ಗಾಡಿಯ ಹಿಂದಕ್ಕೆ ಒಂದು ಕೆಂದ ಕಡಸು ಕಟ್ಟಿದ. ಇನ್ನೂ ಗಬ್ಬ ಕಟ್ಟಿರಲಿಲ್ಲ. "ಮಗೀಗೆ ಹಾಲಾಗ್ತದೆ. ಯಾರಿಗೂ ಬಿಟ್ಕೊಡಬೇಡ" ಎಂದ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಮನೆಯಲ್ಲಿ ಅತ್ತೆ, ನನ್ನ ಗಂಡ, ಅವನ ಅಣ್ಣ. ಭಾವನ ಹೆಂಡತಿ ನಾನು ಬರುವ ಮೊದಲೇ ತೀರಿಕೊಂಡಿದ್ದಳು. ದನಕರು, ಹೊಲ, ಕಣ ಎಲ್ಲ ಭಾವ ಹೇಳಿದ ಹಾಗೆ. ನನ್ನ ಗಂಡ ಅಣ್ಣನ ಮುಂದೆ ಕೆಮ್ಮುವುದಕ್ಕೂ ಯೋಚನೆ ಮಾಡುವ ಆಸಾಮಿ. ಇನ್ನು ನಾನಂತೂ ಭಾವನ ಎದುರಿಗೆ ನಿಲ್ಲುವ ಹಾಗೇ ಇರಲಿಲ್ಲ. ಅವರು ಒಳಗೆ ಬಂದರೆ ನಾನು ಬಾಗಿಲ ಹಿಂದೆ. ಏನಾದರೂ ಹೇಳಬೇಕಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. ಅವರು ಅಲ್ಲೇ ನಿಂತು ಕೇಳಿಸಿಕೊಂಡಿದ್ದರೂ ಅಷ್ಟೆ, ಅತ್ತೆಯ ಬಾಯಿಂದ ಬಂದರೇ ಅದು ಮಾತು. "ಅವ್ವಾ, ಸಾರಿಗೆ ಉಪ್ಪು ಕಮ್ಮಿ ಆಗೈತೆ ಅಂತ ಹೇಳು" ಎನ್ನುವರು. ನಾನು ಅಲ್ಲೇ ಒಲೆ ಮುಂದೆ ಕೂತಿರುತ್ತಿದ್ದೆ. ಅತ್ತೆ ನನ್ನ ಕಡೆ ತಿರುಗಿ, "ಉಪ್ಪು ಕಮ್ಮಿ ಅಂತೆ ಕಣಮ್ಮಿ" ಎನ್ನುವರು. ನಗು ಬರುತ್ತದೆ ಈಗ. ಆಗ ಬರುತ್ತಿರಲಿಲ್ಲ.

ಆ ವರ್ಷ ಹುರುಳಿ ಕಣ ನಡೆದಿತ್ತು. ತೂರುವಾಗ ಗಾಳಿ ತಿರುಗಿ, ಹೊಟ್ಟು ಪೂರ್ತಿ ದನ ಕಟ್ಟಿದ್ದ ಕಡೆಗೆ ಹಾರಿತು. ಮಾರನೆಯ ಬೆಳಿಗ್ಗೆ ಕಲಗಚ್ಚು ಇಡುವುದಕ್ಕೆ ಹೋದರೆ ಕಡಸಿನ ಎಡಗಣ್ಣು ಮುಚ್ಚಿಕೊಂಡಿತ್ತು. ನೀರು ಸುರಿದು ಕೆನ್ನೆಯ ಕೂದಲು ಒದ್ದೆ, ಅದರ ಮೇಲೆ ನೊಣ. ಹೆಬ್ಬೆರಳಲ್ಲಿ ರೆಪ್ಪೆ ಮೇಲೆತ್ತಿ ನೋಡಿದೆ. ಮೂಗಿನ ಕಡೆಯ ಮೂಲೆಯಲ್ಲಿ, ರೆಪ್ಪೆಯ ಒಳಗೆ, ಒಂದು ಹುರುಳಿ ಸಿಪ್ಪೆ ಅಂಟಿಕೊಂಡಿತ್ತು. ನನ್ನ ಕಣ್ಣಾರೆ ಕಂಡೆ. ತೆಗೆಯುವುದಕ್ಕೆ ಹೋದರೆ ಅದು ತಲೆ ಕೊಡವಿ ನನ್ನನ್ನು ಗೋಡೆಗೆ ತಳ್ಳಿತು. ತವರಿನಲ್ಲಿ ಇಂಥದ್ದಕ್ಕೆ ಅಮ್ಮ ಉಪ್ಪುನೀರು ಕಾಯಿಸಿ ಆರಿಸಿ ತೊಳೆಯುತ್ತಿದ್ದಳು, ಅಪ್ಪ ಕೊಂಬು ಹಿಡಿದುಕೊಳ್ಳುತ್ತಿದ್ದ. ಒಬ್ಬರು ಹಿಡಿಯಬೇಕು, ಒಬ್ಬರು ತೊಳೆಯಬೇಕು. ಅಷ್ಟೇ ಕೆಲಸ.

ಅತ್ತೆಗೆ ಹೇಳಿದೆ. "ಅತ್ತೆ, ಕಡಸಿನ ಕಣ್ಣಾಗೆ ಹುರುಳಿ ಸಿಪ್ಪೆ ಕೂತೈತೆ. ಉಪ್ಪುನೀರಾಗೆ ತೊಳೆದ್ರೆ ಬತ್ತದೆ. ಭಾವನಿಗೆ ಒಸಿ ಹಿಡ್ಕೊಳಾಕೆ ಹೇಳಿ."

"ನಿನ್ನೆ ಮೊನ್ನೆ ಬಂದೋಳು ಅವನಿಗೆ ದನದ ಇಸ್ಯ ಹೇಳ್ಕೊಡ್ತೀಯ? ಸುಮ್ಕಿರು" ಎಂದರು ಅತ್ತೆ. ಹೇಳಲಿಲ್ಲ.

ಭಾವ ಬಂದು ದೂರದಿಂದಲೇ ನೋಡಿದರು. ರೆಪ್ಪೆ ಎತ್ತಲಿಲ್ಲ. "ಹೂ ಬೀಳ್ತಾ ಐತೆ" ಎಂದರು. ಕಣ್ಣುಗುಡ್ಡೆ ಬೆಳ್ಳಗಾಗುವುದಕ್ಕೆ ನಮ್ಮ ಕಡೆ ಹೂ ಬೀಳುವುದು ಎನ್ನುತ್ತಾರೆ. ಆಗಿನ್ನೂ ಯಾವ ಬಿಳುಪೂ ಇರಲಿಲ್ಲ, ಕಣ್ಣು ಕೆಂಪಗಿತ್ತು, ಅಷ್ಟೆ. ಆದರೆ ಅವರು ಹೂ ಎಂದ ಮೇಲೆ ಅದು ಹೂವೇ.

ಮೊದಲನೆಯ ಮದ್ದು ನನ್ನಿಂದಲೇ ಹೋಯಿತು. "ಅವ್ವಾ, ಅವಳತ್ರ ಒಂದು ಚಿಪ್ಪು ಹಾಲು ಇಸ್ಕೊಡು" ಎಂದರು ಭಾವ. ಹೆಣ್ಣು ಮಗು ಹೆತ್ತವಳ ಎದೆಹಾಲು ಕಣ್ಣಿಗೆ ತಂಪು ಎಂದು ನಂಬಿಕೆ. ಬಾಗಿಲ ಹಿಂದೆ ಕೂತು ತೆಂಗಿನ ಚಿಪ್ಪಿಗೆ ಹಿಂಡಿದೆ, ಮಗಳು ಪಕ್ಕದಲ್ಲಿ ಹಸಿದು ಅಳುತ್ತಿದ್ದಳು. ಅದಕ್ಕೆ ನಂದಿಬಟ್ಟಲ ಹೂವಿನ ರಸ ಬೆರೆಸಿ ಬಿಟ್ಟರು. ನನ್ನ ಹಾಲು ಬೇಕಿತ್ತು, ನನ್ನ ಮಾತು ಬೇಡವಾಗಿತ್ತು. ಇರಲಿ, ಆ ಹಾಲಿನಿಂದ ಕೆಡುಕೇನೂ ಆಗಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ನೀರು ಸುರಿದು ಸುರಿದು ಸಿಪ್ಪೆ ತಾನೇ ಇಳಿದು ಬರುತ್ತಿತ್ತೋ ಏನೋ.

ಬಿಡಲಿಲ್ಲ. ಎರಡು ದಿನ ಕಳೆದು ಹೊಗೆಸೊಪ್ಪು ಅಗಿದುಕೊಂಡು ಬಂದರು. ನನ್ನ ಗಂಡ ಕೊಂಬು ಹಿಡಿದ. ಸಿಪ್ಪೆ ತೆಗೆಯುವುದಕ್ಕೆ ಹಿಡಿಯುವವರಿರಲಿಲ್ಲ, ಉಗಿಯುವುದಕ್ಕೆ ಮಾತ್ರ ಇದ್ದರು. ಕಡಸು ಎಗರಿದ ಎಗರಿಗೆ ಗೂಟ ಕಿತ್ತುಬಂತು. ನೀವು ಅಡಿಗೆ ಮಾಡುವಾಗ ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡಿದ್ದರೆ ಸ್ವಲ್ಪ ಗೊತ್ತಾಗಬಹುದು. "ಉರಿ ಹತ್ತಿದ್ರೇನೆ ಮದ್ದು ಹಿಡೀತದೆ" ಎಂದು ಭಾವ ಬಾಯಿ ಒರೆಸಿಕೊಂಡರು. ಮೂರು ಹೊತ್ತು ಉಗಿದರು. ಮೂರನೆಯ ಹೊತ್ತಿಗೆ ಅವರ ಹೆಜ್ಜೆ ಸದ್ದು ಕೇಳಿದರೇ ಕಡಸು ಗೋಡೆಗೆ ಮುಖ ಒತ್ತಿಕೊಂಡು ನಿಲ್ಲುತ್ತಿತ್ತು.

ಕಣ್ಣು ನಿಜವಾಗಿಯೂ ಬೆಳ್ಳಗಾಗತೊಡಗಿತು. ಆಗ ಕೊನೆಯ ಮದ್ದು. ಗಾಜಿನ ಬಳೆ ಅರೆದು, ಬಟ್ಟೆಯಲ್ಲಿ ಸೋಸಿ, ಆ ಪುಡಿಯನ್ನು ಹರಳು ಗಿಡದ ದಂಟಿನಿಂದ ಕಣ್ಣಿಗೆ ಊದುವುದು. ಗಾಜು ಆ ಹೂವನ್ನು ಕೆರೆದು ತೆಗೆಯುತ್ತದಂತೆ. ಮುತ್ತೈದೆಯ ಬಳೆಯೇ ಆಗಬೇಕು, ಅವಳೇ ಅರೆಯಬೇಕು. ನನ್ನ ಒಡೆದ ಹಸಿರು ಬಳೆ ಚೂರುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಅತ್ತೆ ಡಬ್ಬಿ ತಂದು ಮುಂದಿಟ್ಟರು. ಅರೆದೆ. ಅರೆಯುವಾಗ ಒಂದು ಚೂರು ನನ್ನ ಬೆರಳಿಗೆ ಹೊಕ್ಕು ರಕ್ತ ಬಂತು. ನನ್ನ ದಪ್ಪ ಬೆರಳನ್ನೇ ಕುಯ್ಯುವುದು ಕಣ್ಣನ್ನು ಏನು ಮಾಡುತ್ತದೆ ಎಂದು ಆಗಲೇ ಹೊಳೆಯಿತು. ಹೊಳೆದಿದ್ದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಬೆರಳು ಚೀಪಿಕೊಂಡು ಮತ್ತೆ ಅರೆದೆ. ಭಾವನನ್ನು ಬೈಯುವವಳು ಇದನ್ನೂ ಬರೆಯಬೇಕು.

ಭಾವ ಅದನ್ನು ಊದಿದ ವಾರದೊಳಗೆ ಎಡಗಣ್ಣು ಸುಣ್ಣದ ಉಂಡೆಯ ಹಾಗಾಯಿತು.

ಅದಾದ ಮೇಲೆ ಭಾವ ಹೇಳಿದ್ದು, "ಅವ್ವಾ, ಒಕ್ಕಣ್ಣಿನ ದನ ಮನೇಲಿ ಕಟ್ಟಬಾರದು. ಸಂತೆಗೆ ಹೊಡ್ಕೊಂಡು ಹೋಗ್ತೀನಿ ಅಂತ ಹೇಳು." ಒಕ್ಕಣ್ಣಿನ ಕಡಸನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಕೊಂಡು ಎಲ್ಲಿಗೆ ಹೊಡೆದುಕೊಂಡು ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಣ್ಣು ಕಳೆದವರೇ ಈಗ ಅದನ್ನು ಕತ್ತಿಗೆ ಕೊಡುವುದಕ್ಕೆ ಹೊರಟಿದ್ದರು. ಬಾಗಿಲ ಹಿಂದಿನಿಂದ ಅತ್ತೆಗೆ, ಆದರೆ ಜಗಲಿಯವರೆಗೂ ಕೇಳುವ ಹಾಗೆ, ಹೇಳಿದೆ. "ನಮ್ಮಪ್ಪ ಕೊಟ್ಟಿದ್ದು ಅದು. ನಮ್ಮಪ್ಪನ್ನ ಕರೆಸಿ, ಕಣ್ಣು ಹೆಂಗೆ ಹೋಯ್ತು ಅಂತ ಹೇಳಿ, ಆಮ್ಯಾಕೆ ಹೊಡ್ಕೊಂಡು ಹೋಗಿ."

ಅದನ್ನು ಅತ್ತೆ ದಾಟಿಸಬೇಕಾಗಲಿಲ್ಲ. ಬೀಗರ ಮುಂದೆ ನಿಂತು ಇಂಥ ಮಾತು ಹೇಳುವ ಗಂಡಸು ಆ ಮನೆಯಲ್ಲಿ ಇರಲಿಲ್ಲ. ಕಡಸು ಉಳಿಯಿತು. ಮುಂದಿನ ವರ್ಷ ಗಬ್ಬವಾಗಿ ಕರು ಹಾಕಿತು. ಎಡಗಡೆಯಿಂದ ಯಾರಾದರೂ ಹೋದರೆ ಬೆದರುತ್ತಿತ್ತು, ನಾನು ಬಲಗಡೆಯಿಂದಲೇ ಹೋಗಿ ಮಾತಾಡಿಸಿ ಕರೆಯುತ್ತಿದ್ದೆ. ನನ್ನ ಮಗಳು, ಆಮೇಲೆ ಹುಟ್ಟಿದವರು, ಭಾವ, ಎಲ್ಲ ಅದರ ಹಾಲು ಕುಡಿದರು. ಒಕ್ಕಣ್ಣಿನದು ಎಂದು ಯಾರೂ ಲೋಟ ಕೆಳಗಿಡಲಿಲ್ಲ.

ಎಂಟೊಂಬತ್ತು ವರ್ಷ ಆಗಿರಬೇಕು. ಮತ್ತೆ ಹುರುಳಿ ಕಣ, ಮತ್ತೆ ಅದೇ ಗಾಳಿ. ಈ ಸಲ ಅದೇ ಹಸುವಿನ ಕೊನೆಯ ಕರು, ಹೆಣ್ಣು. ಬಲಗಣ್ಣು ಮುಚ್ಚಿಕೊಂಡು ನೀರು ಸುರಿಸುತ್ತಿತ್ತು. ರೆಪ್ಪೆ ಎತ್ತಿ ನೋಡಿದೆ, ಸಿಪ್ಪೆ ಇತ್ತು. ಒಲೆಯ ಮೇಲೆ ನೀರಿಟ್ಟು ಉಪ್ಪು ಹಾಕಿ, ಗಂಡನನ್ನು ಕೂಗಿ ಹಿಡಿದುಕೋ ಎನ್ನುವಷ್ಟರಲ್ಲಿ ಭಾವ ಕೊಟ್ಟಿಗೆಗೆ ಬಂದರು. ಕೆನ್ನೆ ಉಬ್ಬಿತ್ತು. ಬಾಯಿ ತುಂಬ ಹೊಗೆಸೊಪ್ಪು.

ನಾನು ಒಳಗೆ ಹೋಗಲಿಲ್ಲ. ಕರುವಿಗೂ ಅವರಿಗೂ ನಡುವೆ ನಿಂತೆ. ಸೆರಗೂ ಎಳೆದುಕೊಳ್ಳಲಿಲ್ಲ.

"ಭಾವ, ಅದರ ಕಣ್ಣಿಗೆ ಉಗೀಬೇಡಿ" ಎಂದೆ. ಮದುವೆಯಾಗಿ ಬಂದ ಮೇಲೆ ಅವರ ಜೊತೆ ನೇರವಾಗಿ ಆಡಿದ ಮೊದಲ ಮಾತು.

ಅವರಿಗೆ ಮಾತಾಡುವ ಹಾಗಿರಲಿಲ್ಲ, ಬಾಯಿ ತುಂಬಿತ್ತು. ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಿದ್ದ ಅತ್ತೆಯ ಕಡೆ ತಿರುಗಿ, ಇವಳನ್ನು ಕೇಳು ಎನ್ನುವ ಹಾಗೆ ಕೈ ಆಡಿಸಿದರು.

"ನನ್ನೇನು ಕೇಳ್ತೀಯಲಾ, ನಿನ್ ಮುಂದೇ ನಿಂತವ್ಳಲ್ಲ" ಎಂದರು ಅತ್ತೆ.

"ಉಗೀಲೇಬೇಕು ಅಂತಿದ್ರೆ ಕನ್ನಡಿ ತಂದ್ಕೊಡ್ತೀನಿ, ನಿಮ್ ಕಣ್ಣಿಗೆ ಉಗ್ಕೊಳ್ಳಿ. ಉರಿ ಹತ್ತಿದ್ರೇನೆ ಹಿಡೀತದೆ ಅಂದಿದ್ರಲ್ಲ" ಎಂದೆ.

ನನ್ನ ಗಂಡ ನೆಲ ನೋಡುತ್ತಾ ನಿಂತಿದ್ದ. ಆದರೆ ಕರುವಿನ ಕಿವಿ ಹಿಡಿದ ಕೈ ಬಿಡಲಿಲ್ಲ. ಅವನು ಆ ಮನೆಯಲ್ಲಿ ತೋರಿಸಿದ ಧೈರ್ಯ ಅಂದರೆ ಅದೇ. ಭಾವ ಹುಲ್ಲಿನ ಮೆದೆಯ ಹಿಂದಕ್ಕೆ ಹೋಗಿ ಉಗಿದು, ಹಾಗೇ ಹೊಲಕ್ಕೆ ಹೊರಟುಹೋದರು.

ಹಳೆಯ ಪಂಚೆಯ ಚೂರನ್ನು ಉಪ್ಪುನೀರಲ್ಲಿ ಅದ್ದಿ ಮೇಲಿನಿಂದ ಹಿಂಡಿದೆ. ನಾಲ್ಕು ಸಲ. ಐದನೆಯ ಸಲಕ್ಕೆ ಸಿಪ್ಪೆ ಬಟ್ಟೆಯ ತುದಿಗೆ ಬಂತು. ಅಂಗೈ ಮೇಲೆ ಇಟ್ಟುಕೊಂಡು ಅತ್ತೆಗೆ ತೋರಿಸಿದೆ. ಅವರು ಬಗ್ಗಿ ನೋಡಿದರು.

"ಇಷ್ಟೇಯಾ?"

"ಇಷ್ಟೇ."

"ಆವತ್ತೂ ನೀನು ಇದೇ ಹೇಳಿದ್ದೆ. ನಾನು ಅವನಿಗೆ ಹೇಳ್ಲಿಲ್ಲ ಕಣಮ್ಮಿ."

"ಗೊತ್ತು" ಎಂದೆ. ಪರವಾಗಿಲ್ಲ ಎನ್ನಲಿಲ್ಲ. ಹಾಗೆ ಅನ್ನುವಂಥದ್ದಾಗಿರಲಿಲ್ಲ ಅದು.

ಮೂರು ದಿನದಲ್ಲಿ ಕರು ಕಣ್ಣು ಬಿಟ್ಟಿತು. ಊರಿನಲ್ಲಿ ಸುದ್ದಿಯಾಯಿತು. ಒಂದು ಮಧ್ಯಾಹ್ನ ಪಕ್ಕದ ಊರಿನ ಒಬ್ಬ ರೈತ ಎತ್ತು ಹೊಡೆದುಕೊಂಡು ನಮ್ಮ ಬಾಗಿಲಿಗೆ ಬಂದ. ಎತ್ತಿನ ಕಣ್ಣಲ್ಲಿ ನೀರು. ಜಗಲಿಯ ಮೇಲೆ ಭಾವ ಕೂತಿದ್ದರು. ನಾನು ಒಳಗೆ ರಾಗಿ ಬೀಸುತ್ತಿದ್ದೆ.

"ಉಪ್ಪುನೀರು ಕಣಪ್ಪ" ಎನ್ನುತ್ತಿದ್ದರು ಭಾವ. "ನಮ್ಮನೇಲಿ ನಮ್ಮಪ್ಪನ ಕಾಲದಿಂದ ಉಪ್ಪುನೀರೇ. ಈ ಹೊಗೆಸೊಪ್ಪು, ಗಾಜು ಅವೆಲ್ಲ ತಿಳೀದೋರು ಮಾಡೋದು."

ಬೀಸುವ ಕಲ್ಲು ನಿಲ್ಲಿಸಿದೆ. ಆ ರೈತ ಅಂಗಳದಲ್ಲಿ ಕಟ್ಟಿದ್ದ ನನ್ನ ಕೆಂದ ಹಸುವನ್ನು ನೋಡಿರಬೇಕು. "ಮತ್ತೆ ಇದರ ಕಣ್ಣು?" ಎಂದ.

"ಅದು ಹುಟ್ಟಿದಾಗಿಂದ ಹಂಗೇ" ಎಂದರು.

ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಹೋದೆ. ಜಗಲಿ ದಾಟಿ, ಅವರ ಮುಂದೆಯೇ ಹಾದು, ಹಸುವಿನ ಬಲಗಡೆಗೆ ಹೋಗಿ ನಿಂತೆ.

"ಹುಟ್ಟಿದಾಗ ಎರಡೂ ಚೆನ್ನಾಗಿತ್ತಪ್ಪ" ಎಂದೆ ಆ ರೈತನಿಗೆ. "ಒಂದಕ್ಕೆ ಇವರು ಉಗಿದ್ರು. ಇವರು ಊದೋ ಗಾಜನ್ನ ನಾನು ಅರೆದುಕೊಟ್ಟೆ. ನಿನ್ ಎತ್ತು ಹಿಡ್ಕೋ, ನೀರು ಕಾಯಿಸ್ಕೊಂಡು ಬರ್ತೀನಿ."